ಹೆಸರು ಮರೆತೀತು, ಹೆಜ್ಜೆ ಮರೆಯದು!

ಒಂದು ಪಂದ್ಯ ಕಟ್ಟೋಣ, ಬನ್ನಿ.

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಬೆರಳು ಅಲ್ಲಾಡಕೂಡದು. ಈಗ ಹೇಳಿ: ಮೂರು ಕಾಲಿನ ಜಡೆ ಹೆಣೆಯುವಾಗ ನಡುವಿಗೆ ಮೊದಲು ಬರುವುದು ಎಡಗಡೆಯ ಎಳೆಯೋ, ಬಲಗಡೆಯದೋ? ಆಮೇಲೆ ಯಾವುದು? ಐದನೆಯ ಸಲ ಯಾವುದು?

ತಡವರಿಸಿದಿರಿ, ಅಲ್ಲವೇ! ಬೆನ್ನ ಹಿಂದೆ ಬೆರಳು ಮಿಸುಕಾಡಿತು, ಅಲ್ಲವೇ! ಗಾಳಿಯಲ್ಲೇ ಒಮ್ಮೆ ಹೆಣೆದು ನೋಡಿ ಹೇಳೋಣ ಅನ್ನಿಸಿತು!

ಜಡೆ ಹೆಣೆದು ಗೊತ್ತಿಲ್ಲವೇ? ಹಾಗಾದರೆ ಪಂಚೆ ಎತ್ತಿ ಕಟ್ಟುವುದನ್ನು ಬರೀ ಮಾತಿನಲ್ಲಿ ಹೇಳಿಕೊಡಿ. ಅಲ್ಲೂ ಇದೇ ಪಾಡು. ಸಾವಿರ ಸಲ ಮಾಡಿದ ಕೆಲಸ. ಬಾಯಿಗೆ ಗೊತ್ತಿಲ್ಲ. ಕೈಗೆ ಗೊತ್ತು!

ನಮ್ಮ ನುಡಿಗೆ ಈ ಗುಟ್ಟು ಎಂದೋ ಸಿಕ್ಕಿತ್ತು. ಬಾಯಲ್ಲಿ ನಿಂತದ್ದು ಬಾಯಿಪಾಠ. ಗಂಟಲಲ್ಲಿ ನಿಂತದ್ದು ಕಂಠಪಾಠ. ಕೈ ಸೇರಿದ್ದು ಕರಗತ. ಮೈ ಸೇರಿದ್ದು ಮೈಗೂಡಿದ್ದು. ನೋಡಿ, ಎಷ್ಟು ಬೇರೆ ಬೇರೆ ಉಗ್ರಾಣ!

ಹಾಗಾದರೆ ಕುಣಿತ? ಹತ್ತನೆಯ ವಯಸ್ಸಿನಲ್ಲಿ ಕಲಿತ ಹೆಜ್ಜೆ ಎಂಬತ್ತರಲ್ಲಿ ಎಲ್ಲಿ ಕೂತಿರುತ್ತದೆ? ಪಾದದಲ್ಲೇ? ಮಂಡಿಯಲ್ಲೇ? ಮೀನಖಂಡದಲ್ಲೇ? ಊಹಿಸುತ್ತಿರಿ. ಅಷ್ಟರಲ್ಲಿ ನಿಮಗೆ ಒಬ್ಬರ ಪರಿಚಯ ಮಾಡಿಸಬೇಕು.

1953. ಅಮೆರಿಕದ ಹಾರ್ಟ್‌ಫರ್ಡ್ ಊರು. ಹೆನ್ರಿ ಮೊಲೈಸನ್, ವಯಸ್ಸು 27. ಯಾವ ಔಷಧಕ್ಕೂ ಬಗ್ಗದ ಮೂರ್ಛೆರೋಗ. ಕೊನೆಗೆ ಶಸ್ತ್ರವೈದ್ಯರು ಅವರ ಮಿದುಳಿನ ಎರಡೂ ಪಕ್ಕದಿಂದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಆ ಗ್ರೀಕ್ ಹೆಸರಿನ ಅರ್ಥ ಕಡಲಕುದುರೆ. ಆಕಾರವೂ ಹಾಗೇ!

ಮೂರ್ಛೆ ಹತೋಟಿಗೆ ಬಂತು. ಆದರೆ ಹೊಸ ನೆನಪು ಹುಟ್ಟುವುದೇ ನಿಂತುಹೋಯಿತು! ಈಗಷ್ಟೇ ಉಂಡ ಊಟ ನೆನಪಿಲ್ಲ. ದಿನಾ ಬರುವ ವೈದ್ಯರು ದಿನಾ ಹೊಸಬರು. 2008ರಲ್ಲಿ ತೀರಿಕೊಳ್ಳುವವರೆಗೂ, ಐವತ್ತು ವರ್ಷಕ್ಕೂ ಮಿಕ್ಕಿ, ಹೀಗೇ.

ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರ ಮುಂದೆ ಒಂದು ನಕ್ಷತ್ರದ ಚಿತ್ರ ಇಟ್ಟರು. ಜೋಡಿ ಗೆರೆಯ ನಕ್ಷತ್ರ. ಎರಡು ಗೆರೆಗಳ ನಡುವಿನ ಸಂದಿಯಲ್ಲೇ ಪೆನ್ಸಿಲ್ ಓಡಬೇಕು. ಇಷ್ಟೇನಾ? ಇಲ್ಲ! ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ನೋಡಿಕೊಂಡೇ ಬರೆಯಬೇಕು. ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಮೇಲಕ್ಕೆ ಹೋಗು ಎಂದರೆ ಕೈ ಕೆಳಕ್ಕೆ ಹೋಗುತ್ತದೆ!

ಮೊದಲ ದಿನ ತಪ್ಪೋ ತಪ್ಪು. ಎರಡನೆಯ ದಿನ ತಪ್ಪು ಕಡಿಮೆ. ಮೂರನೆಯ ದಿನ ಕೈ ಸಲೀಸಾಗಿ ಓಡಿತು!

ಈಗ ನಿಜವಾದ ಅಚ್ಚರಿ. ಆ ಮೂರೂ ದಿನ ಅವರ ಪಾಲಿಗೆ ಅದು ಮೊದಲ ದಿನವೇ! ಆ ನಕ್ಷತ್ರವನ್ನು ಮುಂಚೆ ಕಂಡ ನೆನಪೇ ಅವರಿಗಿಲ್ಲ. ಇಷ್ಟು ಕಷ್ಟವಾಗಿ ಕಾಣುವ ಕೆಲಸ ಇಷ್ಟು ಸುಲಭವಾಯಿತಲ್ಲ ಎಂದು ತಮ್ಮ ಕೈಗೆ ತಾವೇ ಬೆರಗಾದರು. ಮನುಷ್ಯ ಮರೆತಿದ್ದ. ಕೈ ಮರೆತಿರಲಿಲ್ಲ!

1962ರಲ್ಲಿ ಮಿಲ್ನರ್ ಇದನ್ನು ಪ್ರಕಟಿಸಿದರು. ನೆನಪು ಎಂಬುದು ಒಂದಲ್ಲ ಎಂದು ವಿಜ್ಞಾನಕ್ಕೆ ಖಚಿತವಾಗತೊಡಗಿತು. ಹೆಸರು, ತಾರೀಕು, ನಿನ್ನೆಯ ಮಾತು, ಇವಕ್ಕೆ ಒಂದು ಉಗ್ರಾಣ. ಈಜು, ಸೈಕಲ್, ಜಡೆ, ಹೆಜ್ಜೆ, ಇವಕ್ಕೆ ಬೇರೆಯದೇ ಉಗ್ರಾಣ!

ಎಲ್ಲಿದೆ ಅದು? ಮೀನಖಂಡ ಎಂದುಕೊಂಡಿದ್ದರೆ ಸೋತಿರಿ. ಅದೂ ಮಿದುಳಿನಲ್ಲೇ ಇದೆ. ಮಿದುಳಿನ ಆಳದಲ್ಲಿ ಹುದುಗಿದ ನರಗಂಟುಗಳಲ್ಲಿ. ಮತ್ತೆ ತಲೆಯ ಹಿಂಬದಿಯಲ್ಲಿ, ಕತ್ತಿಗೆ ಸ್ವಲ್ಪ ಮೇಲೆ, ಪುಟ್ಟದೊಂದು ಭಾಗದಲ್ಲಿ. ಹೆಸರು ಅನುಮಸ್ತಿಷ್ಕ. ಅಲ್ಲಿ ಒಮ್ಮೆ ಕೈಯಿಟ್ಟು ನೋಡಿ. ನಿಮ್ಮ ತಾಳ, ನಿಮ್ಮ ತೂಕದ ಸಮತೋಲ ಅಲ್ಲೇ ಪಳಗುತ್ತವೆ.

ತೂಕದಲ್ಲಿ ಅದು ಇಡೀ ಮಿದುಳಿನ ಹತ್ತನೆಯ ಒಂದು ಪಾಲು. ಮಿದುಳಿನಲ್ಲಿರುವ ನರಕೋಶಗಳು ಒಟ್ಟು ಸುಮಾರು 8,600 ಕೋಟಿ. ಹಾಗಾದರೆ ಅನುಮಸ್ತಿಷ್ಕದ ಪಾಲಿಗೆ ಎಷ್ಟು?

860 ಕೋಟಿ ಅಂದಿರಾ? ಲೆಕ್ಕ ಸರಿ, ಉತ್ತರ ತಪ್ಪು! ಇನ್ನೂ ಹೆಚ್ಚು. ಎರಡು ಸಾವಿರ ಕೋಟಿ? ಇನ್ನೂ!

6,900 ಕೋಟಿ! ಹತ್ತರಲ್ಲಿ ಎಂಟು ನರಕೋಶ ಆ ಮೂಲೆಯಲ್ಲೇ! ಬ್ರೆಜಿಲ್‌ನ ವಿಜ್ಞಾನಿಗಳು 2009ರಲ್ಲಿ ಎಣಿಕೆ ಪ್ರಕಟಿಸಿದಾಗ ಜಗತ್ತು ಕಣ್ಣುಜ್ಜಿಕೊಂಡಿತು.

ಈಗ ಇದನ್ನು ನಮ್ಮ ಮನೆಯ ಹಿರಿಯರ ಜೊತೆಗಿಟ್ಟು ನೋಡಿ. ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಡಲಕುದುರೆಯ ಸುತ್ತಮುತ್ತ. ಅದಕ್ಕೇ ಮೊದಲು ಹೋಗುವುದು ಬೆಳಗಿನ ತಿಂಡಿ, ಇವತ್ತಿನ ವಾರ, ಮೊಮ್ಮಗಳ ಹೆಸರು. ಹೆಜ್ಜೆಯ ಉಗ್ರಾಣಕ್ಕೆ ಅದು ತಲುಪುವುದು ಬಹಳ ತಡವಾಗಿ. ಮುಂದಿನ ಕೋಣೆಯಲ್ಲಿ ದೀಪ ಆರಿದರೂ ಹಿತ್ತಲ ಕೋಣೆಯಲ್ಲಿ ಉರಿಯುತ್ತಲೇ ಇರುತ್ತದೆ!

2020ರ ನವೆಂಬರಿನಲ್ಲಿ ಸ್ಪೇನ್ ದೇಶದ ಒಂದು ವಿಡಿಯೋ ಲೋಕವೆಲ್ಲ ಸುತ್ತಿತು. ನೀವೂ ನೋಡಿರಬಹುದು. ಗಾಲಿಕುರ್ಚಿಯಲ್ಲಿ ಒಬ್ಬ ವೃದ್ಧೆ, ಹಿಂದೊಮ್ಮೆ ಬ್ಯಾಲೆ ಕುಣಿದವರು. ಮರೆವಿನ ಕಾಯಿಲೆ. ಕಿವಿಗೆ ಚೈಕಾವ್‌ಸ್ಕಿಯ ಹಂಸಸರೋವರದ ಸಂಗೀತ ಹಾಕಿದರು. ಕೈ ಎದ್ದಿತು! ಮಣಿಕಟ್ಟು ಬಾಗಿತು, ತೋಳು ಹಂಸದ ಕೊರಳಾಯಿತು! ಅವರು ಎಲ್ಲಿ, ಯಾವ ತಂಡದಲ್ಲಿ ಕುಣಿದಿದ್ದರು ಎಂಬ ಬಗ್ಗೆ ಆಮೇಲೆ ತಕರಾರು ಎದ್ದಿತು. ನಡುನಡುವೆ ತೋರಿಸಿದ ವೇದಿಕೆಯ ನರ್ತಕಿಯೂ ಬೇರೆಯವರು. ಇರಲಿ. ಕುರ್ಚಿಯಲ್ಲಿ ಎದ್ದ ಆ ಕೈ ಅವರದೇ!

ಅಷ್ಟು ದೂರ ಯಾಕೆ? ನಮ್ಮಲ್ಲೇ ಇದಕ್ಕಿಂತ ದೊಡ್ಡ ಪವಾಡವಿದೆ. ಜಡೆ ಕೋಲಾಟ!

ನೋಡಿಲ್ಲದಿದ್ದರೆ ಕೇಳಿ. ಮೇಲೊಂದು ಕಡೆ ಬಣ್ಣಬಣ್ಣದ ಹಗ್ಗಗಳನ್ನು ಕಟ್ಟಿ ಇಳಿಬಿಟ್ಟಿರುತ್ತಾರೆ. ಒಬ್ಬೊಬ್ಬರ ಕೈಗೆ ಒಂದೊಂದು ತುದಿ. ಇನ್ನೊಂದು ಕೈಯಲ್ಲಿ ಕೋಲು. ಪದ ಎತ್ತಿದ ಕೂಡಲೇ ಹೆಜ್ಜೆ ಶುರು. ಒಬ್ಬರನ್ನು ಒಳಗಿನಿಂದ ದಾಟು, ಮುಂದಿನವರನ್ನು ಹೊರಗಿನಿಂದ ದಾಟು. ಕೋಲಿಗೆ ಕೋಲು ತಾಗಿಸು, ತಿರುಗು, ಮತ್ತೆ ದಾಟು. ತಲೆಯೆತ್ತಿ ನೋಡಿ! ಮೇಲಿನಿಂದ ಕೆಳಕ್ಕೆ ಜಡೆ ಇಳಿಯುತ್ತಿದೆ! ಜಡೆಯ ಎಳೆಗೆ ಕಾಲು ಎಂದು ಹೆಸರಿಟ್ಟವರು ಯಾರೋ, ಇಲ್ಲಿ ನಿಜವಾಗಿಯೂ ಹೆಣೆಯುವುದು ಕಾಲೇ!

ಸರಿ, ಜಡೆ ಮುಗಿಯಿತು. ಇನ್ನು ಬಿಚ್ಚುವುದು ಹೇಗೆ? ಹಗ್ಗ ಕೆಳಗೆ ಬಿಟ್ಟು ಕೈಯಿಂದ ಬಿಡಿಸುತ್ತಾರೆ ಅಂದಿರಾ?

ಇಲ್ಲ! ಕುಣಿದೇ ಬಿಚ್ಚುತ್ತಾರೆ! ಅದೇ ಹೆಜ್ಜೆ, ಹಿಮ್ಮುಖವಾಗಿ! ಒಳಗಿನಿಂದ ದಾಟಿದ್ದಲ್ಲಿ ಈಗಲೂ ಒಳಗಿನಿಂದಲೇ, ಆದರೆ ಎದುರು ದಿಕ್ಕಿಗೆ. ಕೊನೆಯ ದಾಟು ಮೊದಲು, ಮೊದಲ ದಾಟು ಕೊನೆಗೆ. ಒಬ್ಬರು ಒಂದು ಕಡೆ ತಪ್ಪಿದರೂ ಸಾಕು, ಗಂಟು!

ಇದು ಎಷ್ಟು ಕಷ್ಟ ಗೊತ್ತೇ? ಕನ್ನಡ ಅಕ್ಷರಮಾಲೆ ಹೇಳಿ. ಸಲೀಸು. ಈಗ ಳಕಾರದಿಂದ ಹಿಂದಕ್ಕೆ ಹೇಳಿ. ಳ, ಹ, ಸ... ಆಮೇಲೆ? ಬಾಲ್ಯದಲ್ಲಿ ತಿದ್ದಿ ತಿದ್ದಿ ಕಲಿತದ್ದು, ಇಷ್ಟು ವರ್ಷದಿಂದ ದಿನಾ ಬಳಸುವುದು, ಹಿಂದಕ್ಕೆ ಹತ್ತು ಅಕ್ಷರ ಹೇಳುವಷ್ಟರಲ್ಲಿ ಬೆವರು! ಆದರೆ ಅಕ್ಷರವೇ ಕಲಿಯದ ಅಜ್ಜ ಅಜ್ಜಿಯರು ಒಂದಿಡೀ ಜಡೆಯನ್ನು ಕಾಲಿನಲ್ಲಿ ಹಿಂದಕ್ಕೆ ಓದಿಬಿಡುತ್ತಾರೆ! ಚೀಟಿಯಿಲ್ಲ, ನಕ್ಷೆಯಿಲ್ಲ. ಹಗ್ಗಗಳು ಮತ್ತೆ ನೇರವಾಗಿ ಇಳಿಬೀಳುವ ಆ ಗಳಿಗೆಯನ್ನು ಕಣ್ಣಾರೆ ಕಾಣಬೇಕು.

ಹೇಗೆ ಸಾಧ್ಯ? ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು. ಕೋಲಾಟವನ್ನು ನೋಡುತ್ತ ನೋಡುತ್ತ ಒಂದು ಹೊಳೆಯಿತು. ಅಲ್ಲಿ ನೆನಪು ಒಬ್ಬರ ತಲೆಯಲ್ಲಿ ಇಲ್ಲವೇ ಇಲ್ಲ! ನೀವು ಒಂದು ಹೆಜ್ಜೆ ಮರೆತಿರಿ ಅನ್ನಿ. ಅಷ್ಟರಲ್ಲಿ ಪಕ್ಕದವರ ಕೋಲು ನಿಮ್ಮ ಕೋಲನ್ನು ಹುಡುಕಿಕೊಂಡು ಬರುತ್ತದೆ! ತಾಗಿತು, ನಿಮ್ಮ ಮೈ ತಿರುಗಿತು, ಮುಂದಿನ ಹೆಜ್ಜೆ ತಾನಾಗಿ ಬಂತು. ತಾಳ ಎಳೆಯುತ್ತದೆ, ಪದ ಎಳೆಯುತ್ತದೆ, ಎದುರಿನವರ ಕಣ್ಣು ಎಳೆಯುತ್ತದೆ. ಒಂದು ಕುಣಿತವನ್ನು ಹತ್ತು ಮೈಗಳು ಹಂಚಿಕೊಂಡು ಹೊತ್ತಿವೆ. ನೆನಪು ಮಾಸುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಯಾವುದು?

ಈಗ ನನ್ನ ಅತ್ಯಂತ ಪ್ರೀತಿಯ ಕಾಕತಾಳೀಯ. 1906ನೇ ಇಸವಿ ಗುರುತಿಟ್ಟುಕೊಳ್ಳಿ.

ಆ ವರ್ಷ ಮೇ ತಿಂಗಳಲ್ಲಿ ಕಡೂರಿನ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಮನೆಯೊಂದರಲ್ಲಿ, ಒಂದು ಹೆಣ್ಣುಮಗು ಹುಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಜಪಾನಿನ ಹಕೊಡಾಟೆಯಲ್ಲಿ ಒಂದು ಗಂಡುಮಗು ಹುಟ್ಟಿತು. ಎಲ್ಲಿಯ ಕಡೂರು, ಎಲ್ಲಿಯ ಹಕೊಡಾಟೆ!

ಹುಡುಗಿ ಎಂಟರ ವಯಸ್ಸಿಗೆ ಮೈಸೂರು ಆಸ್ಥಾನದ ಜಟ್ಟಿ ತಾಯಮ್ಮನವರ ಬಳಿ ಸೇರಿದಳು. ಹನ್ನೆರಡಕ್ಕೆ ರಂಗಪ್ರವೇಶ. 1939ರಲ್ಲಿ ನಾಲ್ವಡಿಯವರ ಆಸ್ಥಾನ ವಿದುಷಿ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿದವರು. ಹೌದು, ಕೆ. ವೆಂಕಟಲಕ್ಷಮ್ಮನವರು! ಇಳಿವಯಸ್ಸಿನಲ್ಲಿ ಕುಳಿತಲ್ಲೇ ಅಭಿನಯ. ಜಾವಳಿಯ ಒಂದು ಸಾಲಿಗೆ ಹುಬ್ಬು ಸ್ವಲ್ಪ ಕೊಂಕಿತು, ಬೆರಳು ಸ್ವಲ್ಪ ಅರಳಿತು. ಅಷ್ಟಕ್ಕೇ ಎದುರು ಕೂತವರಿಗೆ ಹದಿನಾರರ ನಾಯಿಕೆ ಕಂಡಳು! ಪದ್ಮಭೂಷಣ ಬಂದ 1992ರಲ್ಲಿ ಅವರಿಗೆ 86. ಬದುಕಿದ್ದು 96 ವರ್ಷ.

ಹುಡುಗನ ಹೆಸರು ಕಜುವೊ ಒಹ್ನೊ. 1929ರಲ್ಲಿ ಟೋಕಿಯೋದ ರಂಗಮಂದಿರದಲ್ಲಿ ಲಾ ಆರ್ಜೆಂಟಿನಾ ಎಂದೇ ಹೆಸರಾದ ಸ್ಪ್ಯಾನಿಷ್ ನರ್ತಕಿಯನ್ನು ನೋಡಿದರು. ಒಂದು ಸಲ ನೋಡಿದ್ದು! ಮೈಯೊಳಗೆ ಏನೋ ಇಳಿಯಿತು. ಆಮೇಲೆ ವ್ಯಾಯಾಮ ಶಿಕ್ಷಕರಾದರು. ಸೈನ್ಯಕ್ಕೆ ಹೋದರು. ಯುದ್ಧಕೈದಿಯಾದರು. ಊರಿಗೆ ಮರಳಿ ಮೊದಲ ನೃತ್ಯ ಪ್ರದರ್ಶನ ಕೊಟ್ಟಾಗ ವಯಸ್ಸು 43!

ಆ ನರ್ತಕಿಗೆ ನಮಿಸುವ ನೃತ್ಯವನ್ನು ಅವರು ರಂಗಕ್ಕೆ ತಂದದ್ದು ಯಾವಾಗ? ಮಾರನೆಯ ವರ್ಷವೇ? ಹತ್ತು ವರ್ಷಕ್ಕೆ? ಇಪ್ಪತ್ತಕ್ಕೆ?

1977ರಲ್ಲಿ! ನೋಡಿದ 48 ವರ್ಷಗಳ ಮೇಲೆ! ಆಗ ಅವರಿಗೆ 71. ಅವರ ಹೆಸರು ಲೋಕಕ್ಕೆ ತಿಳಿದದ್ದೇ ಆ ನೃತ್ಯದಿಂದ. ಅರ್ಧ ಶತಮಾನ ಒಂದು ಬೀಜ ಮೈಯೊಳಗೆ ಕಾದಿತ್ತು. ಕಾಲು ಸೋತ ಮೇಲೆ ಕುರ್ಚಿಯಲ್ಲಿ ಕೂತು ಕುಣಿದರು. ಕೊನೆಗೆ ಕುಣಿದದ್ದು ಬರೀ ಕೈ! 2010ರಲ್ಲಿ ತೀರಿಕೊಂಡಾಗ ವಯಸ್ಸು 103.

ಒಂದೇ ವರ್ಷ ಹುಟ್ಟಿದ ಇಬ್ಬರು. ಎರಡು ದೇಶ, ಎರಡು ಕಲೆ. ಇಬ್ಬರಿಗೂ ಕೊನೆಯಲ್ಲಿ ಕೈಯೇ ಕಾಲಾಯಿತು!

ನಿಂತು ಕುಣಿದ ಹಿರಿಯರೂ ಇದ್ದಾರೆ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು, ಹುಟ್ಟಿದ್ದು 1933. ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿದರು! ಅವರ ಭಸ್ಮಾಸುರನನ್ನು ಕಂಡವರನ್ನು ಕೇಳಿ, ಇವತ್ತಿಗೂ ಕಣ್ಣರಳಿಸುತ್ತಾರೆ.

ಕೈಯೇ ಕಾಲಾಗುವ ಮಾತು ಬಂತಲ್ಲ, ಅದನ್ನು ಇನ್ನಷ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಭರತನಾಟ್ಯದ ಗುರುಗಳ ಮನೆಗೆ ಹೋಗಿದ್ದೀರಾ? ಗುರು ನೆಲದ ಮೇಲೆ ಕೂತಿರುತ್ತಾರೆ. ಒಂದು ಕೈಯಲ್ಲಿ ತಾಳದ ಕೋಲು. ಇನ್ನೊಂದು ಕೈಯ ಎರಡು ಬೆರಳು ನೆಲದ ಮೇಲೆ ಪುಟ್ಟ ಕಾಲುಗಳಂತೆ ಅಡವು ಹಾಕುತ್ತಿರುತ್ತವೆ! ಇಡೀ ನೃತ್ಯವನ್ನು ಕುಗ್ಗಿಸಿ ಅಂಗೈಯಗಲದಲ್ಲಿ ಆಡಿ ತೋರಿಸುವುದು. ಬ್ಯಾಲೆಯವರೂ ಹೀಗೆ ಕೈಯಲ್ಲೇ ಹೆಜ್ಜೆ ಎಣಿಸುತ್ತಾರೆ.

ಇದು ಸೋಮಾರಿತನವೇ? 2013ರಲ್ಲಿ ಎಡ್ವರ್ಡ್ ವಾರ್‌ಬರ್ಟನ್ ಮತ್ತು ಸಂಗಡಿಗರು ಬ್ಯಾಲೆ ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿದರು. ಒಂದು ನೃತ್ಯವನ್ನು ಪೂರ್ತಿ ಮೈಯಿಂದ ಅಭ್ಯಾಸ ಮಾಡಬೇಕು. ಇನ್ನೊಂದನ್ನು ಹೀಗೆ ಕುಗ್ಗಿಸಿ ಅಭ್ಯಾಸ ಮಾಡಬೇಕು. ಆಮೇಲೆ ಎರಡನ್ನೂ ಪೂರ್ತಿ ಕುಣಿಯಬೇಕು. ಯಾವುದು ಚೆನ್ನಾಗಿ ಬಂತು?

ಕುಗ್ಗಿಸಿ ಆಡಿದ್ದೇ! ಅರ್ಥವಾಯಿತೇ? ಮಂಡಿ ಸವೆದ ಅಜ್ಜಿ ಕುರ್ಚಿಯಲ್ಲಿ ಕೂತು ಬೆರಳಲ್ಲಿ ಹೆಜ್ಜೆ ಹಾಕಿದರೆ ಅದು ಕುಣಿತದ ಅಣಕವಲ್ಲ. ಅದೂ ಕುಣಿತವೇ!

ಇನ್ನೊಂದು ಊಹೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದರು. ಫಲ ಪ್ರಕಟವಾದದ್ದು 2003ರಲ್ಲಿ. ಮೈ ದಣಿಸುವ 11 ಚಟುವಟಿಕೆಗಳನ್ನು ಪಟ್ಟಿ ಮಾಡಿದ್ದರು. ನಡಿಗೆ, ಈಜು, ಸೈಕಲ್, ಟೆನಿಸ್, ಗಾಲ್ಫ್, ಮೆಟ್ಟಿಲು ಹತ್ತುವುದು, ಮನೆಗೆಲಸವೂ ಸೇರಿ. ಮರೆವಿನ ಕಾಯಿಲೆಯ ಅಪಾಯ ಕಡಿಮೆಯಾಗಿ ಕಂಡದ್ದು ಎಷ್ಟರಲ್ಲಿ?

ಒಂದೇ ಒಂದರಲ್ಲಿ! ಕುಣಿತದಲ್ಲಿ! ಆಗಾಗ ಕುಣಿಯುವವರಲ್ಲಿ ಅಪಾಯ ಶೇ. 76ರಷ್ಟು ಕಡಿಮೆ ಎಂದು ಲೆಕ್ಕ ತೋರಿಸಿತು. ಇಲ್ಲಿ ಒಂದು ಎಚ್ಚರ ಬೇಕು. ಕುಣಿದದ್ದರಿಂದಲೇ ಮರೆವು ದೂರ ಉಳಿಯಿತೋ, ಮರೆವು ಸದ್ದಿಲ್ಲದೆ ಶುರುವಾದವರು ಕುಣಿಯುವುದನ್ನು ಬಿಟ್ಟಿದ್ದರೋ, ಆ ಲೆಕ್ಕ ಒಂದರಿಂದಲೇ ಹೇಳಲಾಗದು. ಕುಣಿತವನ್ನು ಔಷಧ ಎಂದು ಮಾರುವವರನ್ನು ನಂಬಬೇಡಿ. ಆದರೂ, ಹನ್ನೊಂದರಲ್ಲಿ ಒಂದೇ ಒಂದು ಎಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಇನ್ನೂ ಹತ್ತಿರ ಹೋಗಿ ನೋಡಿದರು. ಸರಾಸರಿ 68 ವಯಸ್ಸಿನ ಪುಟ್ಟ ಗುಂಪು. ಅರ್ಧ ಮಂದಿಗೆ ಸಾಮಾನ್ಯ ವ್ಯಾಯಾಮ, ಅರ್ಧ ಮಂದಿಗೆ ಕುಣಿತ. ಹದಿನೆಂಟು ತಿಂಗಳು! ಕುಣಿಯುವವರಿಗೆ ಮತ್ತೆ ಮತ್ತೆ ಹೊಸ ಹೆಜ್ಜೆ, ಹೊಸ ತಾಳ. ಶಿಕ್ಷಕರ ಸನ್ನೆಯಿಲ್ಲದೆ ನೆನಪಿನಿಂದಲೇ ಕುಣಿದು ತೋರಿಸಬೇಕು. ಕೊನೆಗೆ ಮಿದುಳಿನ ಚಿತ್ರ ತೆಗೆದರೆ ಎರಡೂ ಗುಂಪಿನಲ್ಲಿ ಕಡಲಕುದುರೆ ಬೆಳೆದಿತ್ತು! ಎಪ್ಪತ್ತರ ಹೊಸ್ತಿಲಲ್ಲಿ! ಕುಣಿದವರಲ್ಲಿ ಅದರ ಇನ್ನಷ್ಟು ಭಾಗಗಳು ಬೆಳೆದಿದ್ದವು. ಮೈಯ ಸಮತೋಲ ಸುಧಾರಿಸಿದ್ದಂತೂ ಕುಣಿದವರಿಗೆ ಮಾತ್ರ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಹಿರಿಯರು ಮನೆಯಲ್ಲಿದ್ದರೆ ಈ ಮಾತಿನ ಬೆಲೆ ನಿಮಗೆ ಗೊತ್ತು.

ಪಾರ್ಕಿನ್ಸನ್ ಕಾಯಿಲೆಯವರನ್ನು ನೆನೆಯಿರಿ. ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ನಡಿ ಎಂದರೆ ನಡೆಯದು. ತಾಳ ಹಾಕಿ! ಹೆಜ್ಜೆ ಕಿತ್ತು ಬರುವುದುಂಟು! 2001ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯತಂಡ ಅವರಿಗಾಗಿಯೇ ತರಗತಿ ನಡೆಸುತ್ತಿದೆ. ಅದು ದೇಶ ದೇಶಕ್ಕೆ ಹಬ್ಬಿ ನಮ್ಮ ಪುಣೆಗೂ ಬಂದಿದೆ. ಅಲ್ಲಿ ಅವರನ್ನು ರೋಗಿಗಳೆಂದು ಕರೆಯುವುದಿಲ್ಲ. ನರ್ತಕರೆಂದೇ ಕರೆಯುತ್ತಾರೆ.

ಈಗ ನಿಮ್ಮ ಸರದಿ.

ಇವತ್ತು ಸಂಜೆ ಮನೆಯ ಹಿರಿಯರ ಹತ್ತಿರ ಕೂರಿ. 'ನಾನು ಯಾರು ಹೇಳು ನೋಡೋಣ' ಎಂದು ಮಾತ್ರ ಕೇಳಬೇಡಿ. ಅದು ಬೀಗ ಬಿದ್ದ ಕೋಣೆಯ ಬಾಗಿಲು. ಹಿತ್ತಲ ಕಡೆಯಿಂದ ಹೋಗಿ. ಅವರು ಹತ್ತರಿಂದ ಮೂವತ್ತರ ಒಳಗಿದ್ದಾಗ ಕೇಳಿದ ಪದ ಯಾವುದು, ಕುಣಿದ ಕುಣಿತ ಯಾವುದು, ನೆಂಟರನ್ನಾದರೂ ವಿಚಾರಿಸಿ ತಿಳಿಯಿರಿ. ಆ ವಯಸ್ಸಿನ ನೆನಪು ಉಳಿದವಕ್ಕಿಂತ ಗಟ್ಟಿ. ಸುಗ್ಗಿ ಕುಣಿತವೋ, ಕೋಲಾಟವೋ, ಭಜನೆಯ ಹೆಜ್ಜೆಯೋ, ರಾಜ್‌ಕುಮಾರ್ ಸಿನಿಮಾದ ಹಾಡೋ, ಯಾವುದಾದರೂ ಸರಿ.

ಅಲ್ಲಾಡದ ಗಟ್ಟಿ ಕುರ್ಚಿ ಹಾಕಿ. ನೆಲ ಒದ್ದೆಯಿಲ್ಲದಂತೆ ನೋಡಿಕೊಳ್ಳಿ. ಮಂಡಿಯೋ ಎದೆಯೋ ತೊಂದರೆ ಕೊಡುತ್ತಿದ್ದರೆ ವೈದ್ಯರನ್ನು ಒಂದು ಮಾತು ಕೇಳಿ. ಹಿರಿಯರ ಕೈಗೊಂದು ಕೋಲು ಕೊಡಿ, ನೀವೊಂದು ಹಿಡಿಯಿರಿ. ಕೋಲಿಲ್ಲದಿದ್ದರೆ ಬರಿಗೈಯೇ ಸಾಕು.

ಪದ ಶುರು ಮಾಡಿ. ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿಕೊಡಲು ಹೋಗಬೇಡಿ. ನಿಮ್ಮ ಕೋಲನ್ನು ಅವರ ಮುಂದೆ ಹಿಡಿದು, ಕಾಯಿರಿ.